ಪೊನ್ಸಿಯಾನೊ ತಿಂಡಿಗೆ ಹೋದ ಹೊತ್ತು

ಸಾನ್ ತೆಲ್ಮೊ ಊರಿನಲ್ಲಿ ತ್ರಿನಿಂಗಳ ಗಂಟಲಿಗೆ ಮೈಕು ಬೇಕಿರಲಿಲ್ಲ. ಮನಿಲಾದ ಹೊರಗಿನ ಆ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಅವಳು ಪ್ಯಾಂಟು ಹೊಲಿಯುತ್ತಿದ್ದಳು. ಈಸ್ಟರಿಗೆ ಮುಂಚಿನ ವಾರ ಬಂತೆಂದರೆ ಯೇಸುವಿನ ಯಾತನೆಯ ಕಥೆ ಹಾಡುವ ಹೆಂಗಸರಿಗೆಲ್ಲ ಅವಳೇ ಮುಂದಾಳು. ಒಂದು ಗುಂಪು ಒಂದು ನುಡಿ ಹಾಡಿ ಬಿಟ್ಟರೆ ಎದುರಿನ ಗುಂಪು ಮುಂದಿನದನ್ನು ಎತ್ತಿಕೊಳ್ಳಬೇಕು, ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲ.

ಈ ಸಲ ಅವಳ ಮನಸ್ಸು ಹಾಡಿನಲ್ಲಿರಲಿಲ್ಲ. ಮಗಳು ಲಿಗಾಯ ತುಂಬು ಬಸುರಿ. ಅದೇ ಕಾರ್ಖಾನೆಯಲ್ಲಿ ದಿನವಿಡೀ ನಿಂತೇ ಇಸ್ತ್ರಿ ಮಾಡಿ, ಕಾಲು ಬಾತು ಚಪ್ಪಲಿ ಬಿಗಿದು ಕಚ್ಚುತ್ತಿತ್ತು. ಬಸುರಿಯರಿಗೆ ಕುರ್ಚಿ ಕೊಡಬೇಕೆಂಬ ನಿಯಮ ಪಟ್ಟಣ ಸಭೆಯಲ್ಲಿ ಸಮ ಮತ ಬಂದು ಬಿದ್ದುಹೋಗಿತ್ತು. ಸದಸ್ಯ ಪೊನ್ಸಿಯಾನೊ ಆ ಹೊತ್ತಿಗೆ ಸರಿಯಾಗಿ ತಿಂಡಿಗೆ ಎದ್ದು ಹೋಗಿದ್ದ. ಸಭೆಯ ವಿಡಿಯೊಗಳಲ್ಲಿ ಯಾರು ಯಾವುದಕ್ಕೆ ಬೇಕು, ಬೇಡ ಅಂದರೆಂದು ನೋಡುತ್ತಿದ್ದ ಕಾರ್ಖಾನೆಯ ಹೆಂಗಸರೆಲ್ಲ ಇದನ್ನೂ ಕಣ್ಣಾರೆ ನೋಡಿದ್ದರು. ಈ ಮಹಾನುಭಾವ ಲಿಗಾಯಳ ಜ್ಞಾನಸ್ನಾನದಲ್ಲಿ ತಂದೆಯ ಸ್ಥಾನದಲ್ಲಿ ನಿಂತ ಧರ್ಮಪಿತ ಬೇರೆ! ಅವಳ ಮದುವೆಗೆ ಇಡೀ ಹಂದಿಯನ್ನೇ ಸುಡಿಸಿ ಕಳಿಸಿದವನು. ಆ ಋಣ ತ್ರಿನಿಂಗಳ ಬಾಯಿ ಕಟ್ಟಿತ್ತು.

ಈಗ ಅವನು ಮೇಯರ್ ಹುದ್ದೆಗೆ ನಿಂತಿದ್ದ. ಎದುರಾಳಿ ಅದೇ ಸಭೆಯ ಸದಸ್ಯೆ ಮೆಲ್ಚೋರ. ಪಾದ್ರಿಗಳು ಇಬ್ಬರನ್ನೂ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಕರೆಸಿ, ವೇದಿಕೆಯ ಮೇಲೆ ಕೂರಿಸಿದರು. ಎದುರಿಗೆ ಕಾರ್ಖಾನೆಯ ಹೆಂಗಸರು, ಅವರಿಗೆ ನೆಲವೇ ಗತಿ. ಅವರ ಓಟಿನ ಆಸೆಗೆ ಪೊನ್ಸಿಯಾನೊ ತಾನಾಗಿಯೇ ಹಳ್ಳಕ್ಕೆ ಬಿದ್ದ.

“ಮಾರೆ, ಮೇಲೆ ಬಾ!” ಎಂದ. ಧರ್ಮಪುತ್ರಿಯ ತಾಯಿಯನ್ನು ಅವನು ಕರೆಯುತ್ತಿದ್ದುದೇ ಹಾಗೆ; ಅವಳ ಬಾಯಲ್ಲಿ ಅವನು ‘ಪಾರೆ’. “ಸಭೇಲಿ ನಾನು ಹೆಣ್ಮಕ್ಳಿಗೆ ಏನೇನ್ ಮಾಡಿದೀನಿ, ನಿನ್ ಈಸ್ಟರ್ ವಾರದ ಧಾಟೀಲಿ ಹಾಡ್ಬಿಡು ನೋಡೋಣ!”

ನೆಲದಲ್ಲಿ ಕೂರಲಾಗದೆ ಬಾತ ಕಾಲಿನ ಮೇಲೆ ನಿಂತಿದ್ದ ಮಗಳತ್ತ ತ್ರಿನಿಂಗ್ ನೋಡಿದಳು. ಹಂದಿ ಮರೆತೇಹೋಯಿತು.

“ಇದ್ದದ್ದು ಇದ್ದ ಹಾಗೆ ಹಾಡ್ತೀನಿ ಪಾರೆ. ಆಮೇಲೆ ಮೂತಿ ಊದಿಸ್ಕೋಬೇಡಿ.”

ವೇದಿಕೆ ಹತ್ತಿ ರಾಗ ಎಳೆದಳು: “ರಾತ್ರಿ ಪಾಳಿಯವ್ರಿಗೆ ಮನೆತನಕ ವ್ಯಾನು... ಮೆಲ್ಚೋರ ಬೇಕು ಅಂದ್ಳು, ಪೊನ್ಸಿಯಾನೊ?”

“ಬೇಡಾ... ಅಂದ!” ಹೆಂಗಸರು ಎತ್ತಿಕೊಂಡರು. ಮೆಲ್ಚೋರಳ ಕಡೆಯವರು ಕುಣಿದಾಡಿದರು.

“ಮೈ ಮುಟ್ಟೋ ಮೇಸ್ತ್ರಿ ಮೇಲೆ ದೂರು ಕೇಳೋ ಸಮಿತಿ... ಪೊನ್ಸಿಯಾನೊ ಬೇಕು ಅಂದ, ಮೆಲ್ಚೋರ?”

“ಬೇಡಾ... ಅಂದ್ಳು!”

ಕುಣಿಯುತ್ತಿದ್ದವರು ತೆಪ್ಪಗೆ ಕೂತರು. ಮೆಲ್ಚೋರ ಬೀಸಣಿಗೆಯಲ್ಲಿ ಮುಖ ಮುಚ್ಚಿಕೊಂಡಳು.

“ಬಸುರಿಗೊಂದು ಕುರ್ಚಿ... ಮೆಲ್ಚೋರ ಬೇಕು ಅಂದ್ಳು, ಪೊನ್ಸಿಯಾನೊ?”

“ತಿಂಡಿಗೇ... ಹೋಗಿದ್ದ!”

ಅಂಗಳ ನಕ್ಕು ನಕ್ಕು ಸುಸ್ತಾಯಿತು. ಪಾದ್ರಿಗಳೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪೊನ್ಸಿಯಾನೊನ ಕಿವಿ ಕೆಂಪಾಯಿತು.

“ಆಯ್ತು ಮಾರೆ, ಸೋತೆ! ಮುಂದಿನ ಸಭೇಲಿ ಕುರ್ಚಿಗೆ ಮೊದಲು ಎತ್ತೋ ಕೈ ನಂದೇ.”

“ಮುಂದಿನ ಸಭೆ ಹಾಗಿರ್ಲಿ. ಈಗ ಎದ್ದೇಳಿ.”

“ಯಾಕೆ?”

“ನಿಮ್ ಮಗಳು ನಿಂತಿದಾಳೆ.”

ಪೊನ್ಸಿಯಾನೊ ಗಡಬಡಿಸಿ ಎದ್ದ. ಕೆಳಗಿಳಿದು ಲಿಗಾಯಳ ಕೈ ಹಿಡಿದು ಕರೆತಂದು, ತನ್ನ ಹೆಸರು ಬರೆದಿದ್ದ ಕುರ್ಚಿಯಲ್ಲೇ ಕೂರಿಸಿದ. ಅವಳು ಚಪ್ಪಲಿ ಕಳಚಿ ಕಾಲು ಚಾಚಿದಳು. ತ್ರಿನಿಂಗಳಿಗೆ ಹಿಗ್ಗು ತಡೆಯಲಾಗಲಿಲ್ಲ, ಇನ್ನೊಂದು ನುಡಿಗೆ ರಾಗ ಎಳೆದಳು. ಸಭೆ ಮುಗಿಯುವವರೆಗೂ ಪೊನ್ಸಿಯಾನೊ ಮಗಳ ಪಕ್ಕದಲ್ಲಿ ನಿಂತೇ ಇದ್ದ.