ನಾನು ಕಲಿಸಿದ ಡೌಟು

ಡೆಟ್ರಾಯಿಟ್ ಪಕ್ಕದ ವಾರೆನ್ನಿನಲ್ಲಿ ನನಗೆ ಸಿಕ್ಕ ಕೆಲಸದ ಹೆಸರು ಟೀಚಿಂಗ್ ಅಸಿಸ್ಟೆಂಟ್. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಲೆಕ್ಚರರ್ ಆಗಿದ್ದವಳು, ಎಂ.ಎ.ಯಲ್ಲಿ ಎರಡನೇ ರ‍್ಯಾಂಕ್ ಬಂದವಳು, ಇಲ್ಲಿ ಬೋರ್ಡ್ ಒರೆಸಿ, ಪೆನ್ಸಿಲ್ ಹಂಚಿ, ಬೇರೆ ಬೇರೆ ದೇಶಗಳಿಂದ ಬಂದ ದೊಡ್ಡವರಿಗೆ 'ದಿಸ್ ಈಸ್ ಎ ಸ್ಪೂನ್' ಹೇಳಿಕೊಡಬೇಕು. ನನ್ನ ಗಂಡ ಕಾರು ಡಿಸೈನ್ ಮಾಡುವ ಆಫೀಸಿನಲ್ಲಿ ಎಂಜಿನಿಯರ್. ಅವರು ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಕೂತು ಹಿಮ ನೋಡಿ ನೋಡಿ ನನಗೆ ತಲೆ ಕೆಟ್ಟುಹೋಗಿತ್ತು. ಅದಕ್ಕೇ ಒಪ್ಪಿಕೊಂಡೆ. ಮುಖ ಊದಿಸಿಕೊಂಡೇ ಒಪ್ಪಿಕೊಂಡೆ ಅನ್ನಿ.

ಆ ಕೆಲಸದ ಜೊತೆ ಇನ್ನೊಂದು ಕೊರಳಿಗೆ ಬಿತ್ತು. ಶಾಲೆಯ ಪ್ರಿನ್ಸಿಪಾಲರು ನನ್ನನ್ನು ಎಲ್ಲರಿಗೂ 'ನಮ್ಮ ಇಂಡಿಯನ್ ಅಂಬಾಸಿಡರ್' ಎಂದು ಪರಿಚಯ ಮಾಡಿಸತೊಡಗಿದರು. ತಿಂಗಳಿಗೆರಡು ಸಲ ಸುತ್ತಮುತ್ತಲ ಸ್ಕೂಲುಗಳಿಗೆ ಹೋಗಿ ಮಕ್ಕಳಿಗೆ ಇಂಡಿಯಾ ತೋರಿಸಬೇಕು. ತೋರಿಸುವುದೆಂದರೇನು, ನನ್ನನ್ನೇ ತೋರಿಸಿಕೊಳ್ಳುವುದು. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ಮೈಸೂರು ರೇಷ್ಮೆ ಸೀರೆ, ಕೆಳಗೆ ಸ್ನೋ ಬೂಟು, ಮೇಲೆ ಗಂಡನ ಓವರ್‌ಕೋಟು. ಒಂದು ಹುಡುಗಿ ನನ್ನ ಹಣೆಯ ಕುಂಕುಮ ನೋಡಿ ಪೆಟ್ಟಾಗಿದೆ ಅಂದುಕೊಂಡು ನರ್ಸನ್ನು ಕರೆದುಕೊಂಡು ಬಂದಳು. ಮನೆಯಲ್ಲಿ ಆನೆ ಇತ್ತಾ ಎಂದು ಕೇಳಿದವರಿಗೆ "ಇತ್ತು, ಬರುವಾಗ ಪಕ್ಕದ ಮನೆಯವರಿಗೆ ಕೊಟ್ಟು ಬಂದೆ" ಅಂದುಬಿಟ್ಟೆ. ಮಕ್ಕಳು ಮನೆಗೆ ಹೋಗಿ ಹೇಳಿ, ಅದು ಪ್ರಿನ್ಸಿಪಾಲರ ಕಿವಿಗೂ ಬಿದ್ದು, ಕರೆದು ಬುದ್ಧಿ ಹೇಳಿದರು. ಅವರು ಹೇಳಿದರೇನು, ನಾನು ಕೇಳುವವಳೇ?

ದೊಡ್ಡವರ ಕ್ಲಾಸು ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ. ಮುಖ್ಯ ಟೀಚರು ಅರವತ್ತು ದಾಟಿದ ಅಮೆರಿಕನ್ ಹೆಂಗಸು, ಮೆತ್ತಗಿನ ದನಿಯವರು. ಸ್ವಲ್ಪ ಇಂಗ್ಲಿಷ್ ಬಂದವರು ಅವರ ಪಾಲಿಗೆ, ಏನೂ ಬಾರದವರು ಪಕ್ಕದ ಕೋಣೆಯಲ್ಲಿ ನನ್ನ ಪಾಲಿಗೆ. ಇಟಲಿ, ಪೋಲೆಂಡ್, ಲೆಬನಾನ್‌ಗಳಿಂದ ಬಂದ ಹನ್ನೊಂದು ಜನ. ಎಲ್ಲರೂ ನನಗಿಂತ ದೊಡ್ಡವರು, ನನಗಿಂತ ಮೊದಲು ಅಮೆರಿಕಕ್ಕೆ ಬಂದವರು. ಗ್ರೀನ್ ಕಾರ್ಡ್ ಸಿಕ್ಕಿ ಎರಡು ವರ್ಷವೂ ಆಗಿರದ ನಾನು ಅವರಿಗೆ ಅಮೆರಿಕ ಹೇಳಿಕೊಡುತ್ತಿದ್ದೆ.

ಅವರಲ್ಲಿ ಒಂದು ದೊಡ್ಡ ಕಷ್ಟವಿತ್ತು. ಗೊತ್ತಾಗಲಿ ಬಿಡಲಿ, ತಲೆ ಆಡಿಸಿ 'ಯೆಸ್' ಅನ್ನುವುದು. ಮೈಸೂರಿನಲ್ಲಿ ಪಿ.ಯು.ಸಿ. ಹುಡುಗಿಯರೂ ಮೊದಮೊದಲು ಹೀಗೇ ಇದ್ದರು. ಅವರನ್ನು ಹೇಗೆ ಪಳಗಿಸಿದ್ದೆನೋ ಇವರನ್ನೂ ಹಾಗೇ ಪಳಗಿಸಿದೆ. "ಗೊತ್ತಾಗದಿದ್ದರೆ ಬಾಯಿಬಿಟ್ಟು ಹೇಳಿ. ನಾಚಿಕೆ ಬೇಡ, ಹೆದರಿಕೆ ಬೇಡ. ಹೇಗೆ ಹೇಳಬೇಕು? ಐ ಹ್ಯಾವ್ ಎ ಡೌಟ್. ಡೌಟನ್ನು ಬಚ್ಚಿಡಬಾರದು." ಹನ್ನೊಂದು ಜನವೂ ಮೂರು ಸಲ ಒಟ್ಟಿಗೆ ಹೇಳಿದರು. ಒಂದು ವಾರದೊಳಗೆ ಕೋಣೆ ತುಂಬ ಡೌಟೋ ಡೌಟು. ನಾನಂತೂ ಹಿಗ್ಗಿಹೋದೆ.

ಒಂದು ದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮುಖ್ಯ ಟೀಚರು, "ನಾವು ಅದಕ್ಕೆ 'ಕ್ವೆಶ್ಚನ್' ಅಂತೀವಿ, ಅಲ್ವಾ?" ಎಂದು ನಯವಾಗಿ ಹೇಳಿದರು. ನನಗೆ ಮೂಗಿನ ತುದಿಯಲ್ಲೇ ಕೋಪ. "ನಾನು ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಮೇಡಂ" ಅಂದೆ. ಅವರು ನಕ್ಕು ಸುಮ್ಮನೆ ಹೋದರು. ಆವತ್ತು ಅವರು ಜಗಳ ಆಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಹನ್ನೊಂದು ಜನರಲ್ಲಿ ಡೌಟಿನ ರಾಣಿ ಎಂದರೆ ಇಟಲಿಯ ಒಬ್ಬ ಹೆಂಗಸು. ಐವತ್ತರ ಹತ್ತಿರದ ವಯಸ್ಸು. ಬೇಕರಿಯಲ್ಲಿ ಬೆಳಗಿನ ಜಾವದ ಪಾಳಿ ಮುಗಿಸಿ ಮೊಣಕೈಗೆ ಹಿಟ್ಟು ಮೆತ್ತಿಕೊಂಡೇ ಕ್ಲಾಸಿಗೆ ಬರುತ್ತಿದ್ದಳು. ಅಮೆರಿಕಕ್ಕೆ ಬರುವಾಗ ಹಿರಿಯ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದಿದ್ದಳು. ಮಗಳಿಗೆ ಅಲ್ಲೇ ಮದುವೆಯಾಯಿತು. ಮದುವೆಯಾದ ಮಗಳನ್ನು ಕರೆಸಿಕೊಳ್ಳಬೇಕಾದರೆ ತಾಯಿ ಅಮೆರಿಕದ ಪ್ರಜೆಯಾಗಿರಬೇಕು, ಗ್ರೀನ್ ಕಾರ್ಡ್ ಸಾಲದು. ಈ ನಡುವೆ ಅಳಿಯನ ಅಣ್ಣ ಆಸ್ಟ್ರೇಲಿಯಾದಿಂದ ಕಾಗದ ಬರೆದು ಕರೆಯುತ್ತಿದ್ದ. ಅಮೆರಿಕದ ದಾರಿ ಬೇಗ ಕಾಣಿಸದಿದ್ದರೆ ನಾವು ಆ ಕಡೆ ಹೊರಟೆವು ಎಂದು ಅಳಿಯ ಬರೆದಿದ್ದ. "ಆಸ್ಟ್ರೇಲಿಯಾ" ಎಂದು ಅವಳು ಹೇಳುವಾಗ ಯಾರೋ ಸತ್ತ ಸುದ್ದಿ ಹೇಳಿದ ಹಾಗಿರುತ್ತಿತ್ತು. ಅದಕ್ಕಾಗಿಯೇ ಅವಳು ಇಂಗ್ಲಿಷ್ ಕಲಿಯುತ್ತಿದ್ದದ್ದು. ಪ್ರಜೆಯಾಗುವ ಮೊದಲು ಡೆಟ್ರಾಯಿಟ್‌ನ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಸಂದರ್ಶನ ಆಗಬೇಕಿತ್ತು.

ಮೇ ತಿಂಗಳಲ್ಲಿ ಅವಳ ಸಂದರ್ಶನ ಆಯಿತು. ಮಾರನೆಯ ದಿನ ಒಂದು ಕಾಗದ ಹಿಡಿದುಕೊಂಡು ಕ್ಲಾಸಿಗೆ ಬಂದಳು. ಮುಖ್ಯ ಟೀಚರು ಓದಿದರು, ಮತ್ತೊಮ್ಮೆ ಓದಿದರು, ಆಮೇಲೆ ನನ್ನ ಕೈಗೆ ಕೊಟ್ಟರು. ಅರ್ಜಿದಾರಳಿಗೆ ಅಮೆರಿಕದ ಸಂವಿಧಾನದ ಬಗ್ಗೆ ಸಂದೇಹಗಳಿರುವುದಾಗಿ ತಾನೇ ಹೇಳಿರುವುದರಿಂದ ಅರ್ಜಿಯನ್ನು ತಡೆಹಿಡಿಯಲಾಗಿದೆ, ಇನ್ನೊಂದು ಸಲ ವಿಚಾರಣೆಗೆ ಬರಬೇಕು ಎಂದಿತ್ತು.

ಏನಾಯಿತು ಎಂದು ಅವಳನ್ನೇ ಕೇಳಿದೆವು. ಅವಳು ಆಫೀಸರ ದನಿಯನ್ನೂ ತನ್ನ ದನಿಯನ್ನೂ ಬೇರೆ ಬೇರೆ ಮಾಡಿ ಹೇಳಿದಳು.

"ಅಮೆರಿಕದ ಸಂವಿಧಾನದಲ್ಲಿ, ಇಲ್ಲಿನ 'ಫಾರಂ ಆಫ್ ಗವರ್ನಮೆಂಟ್'ನಲ್ಲಿ ನಿಮಗೆ ನಂಬಿಕೆ ಇದೆಯಾ?"

"ಸರ್, ಐ ಹ್ಯಾವ್ ಎ ಡೌಟ್."

ಆಫೀಸರು ಪೆನ್ನು ಕೆಳಗಿಟ್ಟರಂತೆ. "ಡೌಟ್? ಸಂವಿಧಾನದ ಮೇಲೆ?"

"ಹೌದು ಸರ್. ಸಣ್ಣ ಡೌಟು."

"ಎಷ್ಟು ದಿನದಿಂದ?"

"ಈಗ, ಇಲ್ಲಿ ಕೂತ ಮೇಲೆ."

"ಯೋಚನೆ ಮಾಡಿ ಹೇಳಿ, ಮೇಡಂ."

"ಯೋಚನೆ ಮಾಡಿದೆ ಸರ್. ಟೀಚರ್ ಹೇಳಿದ್ದಾರೆ, ಡೌಟ್ ಬಚ್ಚಿಡಬಾರದು."

ಪಾಪ, ಅವಳಿಗೆ ಗೊತ್ತಾಗದೇ ಇದ್ದದ್ದು 'ಫಾರಂ' ಒಂದೇ. ಆಫೀಸರು ಕೇಳಿದ್ದು ಸರ್ಕಾರದ ಪದ್ಧತಿಯ ಬಗ್ಗೆ. ಫಾರಂ ಎಲ್ಲ ತುಂಬಿ ಕೊಟ್ಟಾಗಿದೆಯಲ್ಲ, ಮತ್ತೆ ಯಾವ ಫಾರಂ ಕೇಳುತ್ತಿದ್ದಾರೆ ಎಂದು ತಿಳಿಯದೆ, ನಾನು ಕಲಿಸಿದ ಹಾಗೆ ಮರ್ಯಾದೆಯಾಗಿ ಕೇಳಿದ್ದಾಳೆ. ಅಮೆರಿಕನ್ನರಿಗೆ ಡೌಟ್ ಎಂದರೆ ಅಪನಂಬಿಕೆ, ಅಷ್ಟೇ. ಪಾಠದಲ್ಲಿ ಗೊತ್ತಾಗದ್ದನ್ನು ಕೇಳುವುದಕ್ಕೆ ಡೌಟ್ ಅನ್ನುವವರು ನಾವು. ಮುಖ್ಯ ಟೀಚರು ನನ್ನ ಕಡೆ ನೋಡಿದರು. ಆ ಹೆಂಗಸು ಮಾತ್ರ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿ, "ಟೀಚರ್, ನಾನು ಸರಿಯಾಗಿ ಹೇಳಿದೆ ಅಲ್ವಾ?" ಎಂದಳು.

ಆ ಶನಿವಾರ ಶಿಕಾಗೋ ಹತ್ತಿರದ ಸ್ಕೋಕಿಯಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಧಾರವಾಡದ ಡಾಕ್ಟರೊಬ್ಬರು ನಮ್ಮನೆಗೆ ಬಂದಿದ್ದರು. ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದು, "ಅಲ್ರೀ ಅಕ್ಕಾರ, ಡೌಟ್ ಅಂದ್ರ ಡೌಟ ಅಲ್ಲೇನ್ರಿ? ನಾನೂ ದಿನಾ ಪೇಷಂಟ್‌ಗೆ ಆಪರೇಷನ್ ಮುಂಚೆ 'ಎನಿ ಡೌಟ್ಸ್?' ಅಂತ ಕೇಳ್ತೀನಿ. ಅದಕ್ಕ ಅವ್ರು ನನ್ನ ಮುಖಾ ಹಂಗ ನೋಡ್ತಾರ ಕಾಣಸ್ತದ!" ಎಂದರು. ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ನನಗೆ ಅಳು ಬಂತು.

"ನಾನೇ ಆಫೀಸಿಗೆ ಹೋಗಿ ಹೇಳ್ತೀನಿ ರೀ" ಅಂದೆ ಗಂಡನಿಗೆ.

"ಅಯ್ಯೋ ಮಹರಾಯ್ತಿ, ನೀನು ಹೋಗಿ ಅಲ್ಲೂ ಜಗಳ ತೆಗೀಬೇಡ. ನಾಳೆ ನಾವೂ ಅದೇ ಆಫೀಸಲ್ಲಿ ಹೋಗಿ ನಿಲ್ಬೇಕು."

"ಜಗಳ ಯಾಕೆ ತೆಗೀಲಿ? ವಿಷಯ ಹೇಳ್ತೀನಿ."

ನಿಜ ಹೇಳಬೇಕೆಂದರೆ ಜಗಳಕ್ಕೇ ತಯಾರಾಗುತ್ತಿದ್ದೆ. ಇದು ತಪ್ಪಲ್ಲ, ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಜನ ಆಡುವ ಇಂಗ್ಲಿಷ್, ಭಾಷೆ ನಿಮ್ಮೊಬ್ಬರ ಸ್ವತ್ತಲ್ಲ ಎಂದೆಲ್ಲ ಒಂದು ಪುಟ ಬರೆದು ಬಾಯಿಪಾಠ ಮಾಡಿದೆ. ಅಂಬಾಸಿಡರ್ ಅಂತ ಕರೆದಿದ್ದರಲ್ಲ, ನೋಡೇಬಿಡಲಿ ಅಂದುಕೊಂಡೆ.

ಎರಡನೇ ಸಂದರ್ಶನಕ್ಕೆ ಆರು ವಾರ ಇತ್ತು. ಈ ಸಲವೂ ಕೈತಪ್ಪಿದರೆ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು. ಅಷ್ಟರಲ್ಲಿ ಮಗಳು ಆಸ್ಟ್ರೇಲಿಯಾದ ಹಡಗು ಹತ್ತಿರುತ್ತಾಳೆ. ನಾನು ಕ್ಲಾಸು ಮುಗಿದ ಮೇಲೆ ದಿನಾ ಒಂದು ಗಂಟೆ ಅವಳನ್ನು ಕೂರಿಸಿಕೊಂಡೆ. ಆಫೀಸರು ಕೇಳುವ ಪ್ರಶ್ನೆಗಳೆಲ್ಲ ಅರ್ಜಿಯಲ್ಲೇ ಇದ್ದವು. ಕೆಲವಕ್ಕೆ ಯೆಸ್ ಅನ್ನಬೇಕು, ಕೆಲವಕ್ಕೆ ನೋ. ನೀವು ಕುಡುಕರೇ ಎಂದು ಕೇಳಿದಾಗ ಯೆಸ್ ಅಂದರೆ ಕೆಟ್ಟಿತು. ಒಂದೊಂದರ ಅರ್ಥವನ್ನೂ ಬಿಡಿಸಿ ಹೇಳಲು ಶುರುಮಾಡಿದೆ. ಎರಡು ವಾರವಾದರೂ ಅರ್ಧ ಪುಟ ದಾಟಲಿಲ್ಲ. ನನಗೆ ದಿಗಿಲು ಹತ್ತಿತು. ಅರ್ಥ ಬಿಟ್ಟುಬಿಟ್ಟೆ. ಮಗ್ಗಿ ಬಾಯಿಪಾಠ ಮಾಡಿಸುವ ಹಾಗೆ ಯೆಸ್ ಯೆಸ್ ನೋ ನೋ ನೋ ಯೆಸ್ ಎಂದು ಸಾಲಾಗಿ ಬಾಯಿಗೆ ಹಾಕಿಸಿದೆ.

ಒಂದು ದಿನ ಅವಳು ನಡುವೆ ನಿಲ್ಲಿಸಿ, "ಟೀಚರ್, ಈ ಫಾರಂ ಅಂದರೆ..." ಎಂದಳು.

"ಅದೆಲ್ಲ ಈಗ ಬೇಡ" ಅಂದೆ. "ಏನೂ ಕೇಳಬೇಡ. ಯೆಸ್ ಅನ್ನು, ಸಾಕು."

"ಗೊತ್ತಾಗದಿದ್ದರೆ?"

"ಗೊತ್ತಾಗದಿದ್ದರೂ ಯೆಸ್ ಅನ್ನು. ನಿನಗೆ ಮಗಳು ಬೇಕೋ ಬೇಡವೋ?"

ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವಳು ಮತ್ತೆ ಮೊದಲಿನಿಂದ ಯೆಸ್ ಯೆಸ್ ನೋ ನೋ ಶುರುಮಾಡಿದಳು.

ಜುಲೈನಲ್ಲಿ ಇಬ್ಬರೂ ಡೆಟ್ರಾಯಿಟ್‌ಗೆ ಹೋದೆವು. ಸೀರೆ ಉಟ್ಟಿದ್ದೆ, ಚೀಲದಲ್ಲಿ ಮುಖ್ಯ ಟೀಚರ ಪತ್ರವಿತ್ತು. ಆಫೀಸರು ನಾನು ಅಂದುಕೊಂಡ ಹಾಗೆ ದುರ್ವಾಸರೇನಲ್ಲ, ಸಣಕಲು ಮನುಷ್ಯ, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಪತ್ರ ಓದಿ, ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ನಿಮ್ಮ ದೇಶದಲ್ಲಿ ಪ್ರಶ್ನೆಗೆ ಡೌಟ್ ಅಂತೀರಿ. ಸರಿ. ನಿಜವಾಗಲೂ ಡೌಟ್ ಬಂದರೆ ಏನಂತೀರಿ?"

"ಅದಕ್ಕೂ ಡೌಟ್ ಅಂತಲೇ ಅಂತೀವಿ ಸರ್."

"ಹಾಗಾದರೆ ಇವರಿಗೆ ತಪ್ಪು ಕಲಿಸಿದ್ದೀರಿ ಅಂತಾಯಿತು."

ಮೈಯೆಲ್ಲ ಉರಿಯಿತು. ಬಾಯಿಪಾಠ ಮಾಡಿದ ಪುಟ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಪಕ್ಕಕ್ಕೆ ತಿರುಗಿದೆ. ಅವಳು ಕಣ್ಣು ಮುಚ್ಚಿಕೊಂಡು, ತುಟಿ ಮಾತ್ರ ಆಡಿಸುತ್ತ, ಯೆಸ್ ಯೆಸ್ ನೋ ನೋ ಹೇಳಿಕೊಳ್ಳುತ್ತಿದ್ದಳು.

"ಹೌದು ಸರ್" ಅಂದೆ. "ತಪ್ಪು ನನ್ನದು. ಇವರದ್ದಲ್ಲ."

ಆಫೀಸರು ಒಂದೊಂದೇ ಪ್ರಶ್ನೆ ಕೇಳಿದರು. ಅವಳು ಒಂದೂ ತಪ್ಪಲಿಲ್ಲ. ಫಾರಂ ಆಫ್ ಗವರ್ನಮೆಂಟ್ ಬಂತು. "ಯೆಸ್ ಸರ್" ಅಂದಳು. ಏನು ಕೇಳಿದರೆಂದು ಅವಳಿಗೆ ಆವತ್ತೂ ಗೊತ್ತಿರಲಿಲ್ಲ, ಅದು ಅವಳನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಆಫೀಸರು ಸಹಿ ಹಾಕಿ ಕೈ ಕುಲುಕಿದರು. ಹೊರಗೆ ಬಂದ ಮೇಲೆ ಅವಳು ನನ್ನನ್ನು ತಬ್ಬಿಕೊಂಡು ಫುಟ್‌ಪಾತಿನಲ್ಲೇ ಜೋರಾಗಿ ಅತ್ತಳು. ನಾನೂ ಅತ್ತೆ. ಮನೆಗೆ ಬಂದು ಗಂಡನಿಗೆ, "ನೋಡಿದ್ರಾ, ಜಗಳ ತೆಗೀಲಿಲ್ಲ" ಎಂದು ಹೇಳಿ ಜಂಬಪಟ್ಟುಕೊಂಡೆ.

ಸೆಪ್ಟೆಂಬರಿನಲ್ಲಿ ಅವಳು ಪ್ರಮಾಣವಚನ ತೆಗೆದುಕೊಂಡಳು, ಅದೇ ವಾರ ಮಗಳಿಗೆ ಅರ್ಜಿ ಹಾಕಿದಳು. ಅಳಿಯ ಕಾಯಲು ಒಪ್ಪಿದ. ಆಸ್ಟ್ರೇಲಿಯಾದ ಮಾತು ನಿಂತಿತು. ಕೆಲಸ ಆಯಿತೆಂದು ಅವಳು ಕ್ಲಾಸು ಬಿಡಲಿಲ್ಲ, ಮೊದಲಿನ ಹಾಗೇ ಹಿಟ್ಟಿನ ಕೈಯಲ್ಲಿ ಬರುತ್ತಿದ್ದಳು. ಪಾಠದ ನಡುವೆ ಈಗ ಏನೂ ಕೇಳುತ್ತಿರಲಿಲ್ಲ. "ಅರ್ಥವಾಯಿತಾ?" ಅಂದರೆ "ಯೆಸ್ ಟೀಚರ್". ಪರವಾಗಿಲ್ಲ, ಇಂಗ್ಲಿಷ್ ಬಂತು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೂ ಸುಲಭವಾಗಿತ್ತು. ಕ್ಲಾಸಿನಲ್ಲಿ ಉಳಿದವರಿಗೆ 'ಕ್ವೆಶ್ಚನ್' ಎಂದು ತಿದ್ದಿ ಕಲಿಸಿದೆ. ಅವರೂ ಅಷ್ಟೇನೂ ಕೇಳಲಿಲ್ಲ.

ಒಂದೂವರೆ ವರ್ಷದ ಮೇಲೆ ಮಗಳು, ಅಳಿಯ ಬಂದಿಳಿದರು. ಬಂದ ಎರಡನೇ ಸೋಮವಾರವೇ ತಾಯಿ ಮಗಳನ್ನು ಕ್ಲಾಸಿಗೆ ಕರೆದುಕೊಂಡು ಬಂದಳು. ಬಾದಾಮಿ ಹಾಕಿದ ಗಟ್ಟಿ ಬಿಸ್ಕತ್ತಿನ ಡಬ್ಬಿ ನನ್ನ ಮೇಜಿನ ಮೇಲಿಟ್ಟು, ಮಗಳ ಹೆಗಲು ಹಿಡಿದು ನನ್ನ ಮುಂದೆ ನಿಲ್ಲಿಸಿದಳು. "ಟೀಚರ್, ಇವಳು!" ಎಂದಳು. ಮಗಳು ಚುರುಕು ಕಣ್ಣಿನ ಹುಡುಗಿ, ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಕೂಡಲೇ ಬರೆದುಕೊಳ್ಳುತ್ತಿದ್ದಳು.

ಆವತ್ತಿನ ಪಾಠ ಬಾಡಿಗೆ ಮನೆಯದು. ಮನೆ ತೋರಿಸಲು ಬಂದವರು ಏನು ಕೇಳುತ್ತಾರೆ, ನಾವೇನು ಹೇಳಬೇಕು ಎಂದು ಓದಿ ಹೇಳುತ್ತಿದ್ದೆ. 'ಲೀಸ್' ಎಂಬ ಮಾತು ಬಂತು. ಮಗಳು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿ, ಇಟಾಲಿಯನ್ನಿನಲ್ಲಿ ಏನೋ ಕೇಳಲು ಬಾಯಿ ತೆರೆದಳು. ತಾಯಿ ಥಟ್ಟನೆ ಅವಳ ಮೊಣಕಾಲು ಹಿಡಿದು ಅದುಮಿದಳು. "ಶ್!" ಎಂದು, ನನ್ನ ಕಡೆ ನೋಡಿ ನಕ್ಕು, ಮಗಳ ಕಿವಿಯಲ್ಲಿ ಹೇಳಿದಳು. ಇಂಗ್ಲಿಷಿನಲ್ಲೇ ಹೇಳಿದ್ದು ನನಗೂ ಕೇಳಿಸಿತು. "ಯೆಸ್ ಅನ್ನು."

ನಾನು ಚಾಕ್‌ಪೀಸ್ ಕೆಳಗಿಟ್ಟು ಅವರ ಬೆಂಚಿನ ಹತ್ತಿರ ಹೋದೆ. "ಬೇಡ, ಅವಳು ಕೇಳಲಿ" ಅಂದೆ. "ಕೇಳಮ್ಮ, ಏನು ಗೊತ್ತಾಗಲಿಲ್ಲ?"

ಮಗಳು ನನ್ನ ಮುಖ ನೋಡಲಿಲ್ಲ. ತಾಯಿಯ ಮುಖ ನೋಡಿದಳು.

"ಯೆಸ್, ಟೀಚರ್" ಎಂದಳು.