ಹುಲಿಗೆಮ್ಮನ ಹಂಡೆ

ಮೆಟ್ರಿ ಎಂಬ ಹಳ್ಳಿಯಲ್ಲಿ ನಾನು ನರ್ಸ್ ಆಗಿದ್ದಾಗ ಹುಲಿಗೆಮ್ಮ ಎಂಬ ಬಸುರಿ ನನ್ನ ನಿದ್ದೆ ಕೆಡಿಸಿದ್ದಳು. ಮೊದಲ ಮಗುವನ್ನು ಹೊಟ್ಟೆ ಕೊಯ್ದು ತೆಗೆದಿದ್ದರು. ಎರಡನೆಯದು ಮನೆಯಲ್ಲೇ ಆಗಬೇಕೆಂದು ಅವಳ ಹಟ. ಹಳೇ ಹೊಲಿಗೆ ಬಿಚ್ಚಿಕೊಂಡರೆ ಜೀವಕ್ಕೇ ಅಪಾಯ ಎಂದು ನಾನು ಹೇಳದ ದಿನವಿಲ್ಲ.

ಒಂದು ಬೆಳಿಗ್ಗೆ ನೋವು ಶುರುವಾಯಿತೆಂದು ಅವಳ ಅತ್ತೆ ಓಡಿಬಂದಳು. ಹೋಗಿ ನೋಡಿದರೆ ಹುಲಿಗೆಮ್ಮ ಗೋಡೆ ಹಿಡಿದು ನಿಂತಿದ್ದಳು.

"ದೊಡ್ಡ ದವಾಖಾನಿಗೆ ನಡಿಯವ್ವ. ಕೊಯ್ತಾರಂತ ಅಂಜಬ್ಯಾಡ" ಎಂದೆ.

"ಕೊಯ್ಯಾದಕ್ಕ ಯಾರು ಅಂಜ್ತಾರ್ರಿ? ಹೋದಸಲ ಹೊಲಿಗಿ ತೋಯ್ತದಂತ ಹತ್ತು ದಿನ ಮೈಮ್ಯಾಲೆ ಒಂದು ತಂಬಿಗಿ ಬಿಸಿನೀರು ಹಾಕ್ಲಿಲ್ಲ. ಇವತ್ತಿಗೂ ಸೊಂಟ ಹಿಡಕೊಂತೈತಿ."

ಹಿತ್ತಲಲ್ಲಿ ಅತ್ತೆ ಬಾಣಂತಿ ಸ್ನಾನಕ್ಕೆಂದು ಆಗಲೇ ಹಂಡೆಗೆ ಬೇವಿನ ಸೊಪ್ಪು ಹಾಕಿ ಉರಿ ಹಚ್ಚಿದ್ದಳು. ಬೇರೆ ದಾರಿ ಕಾಣದೆ, ಹುಲಿಗೆಮ್ಮನ ಗಂಡನ ಟ್ರ್ಯಾಕ್ಟರಿನ ಟ್ರೇಲರಿಗೆ ಹುಲ್ಲು ಹಾಸಿಸಿ, ಎಂಜಿನ್ ಆರಿಸದೆ ಬಾಗಿಲಿಗೇ ನಿಲ್ಲಿಸಿಕೊಂಡೆ. ಸ್ವಲ್ಪ ಹೆಚ್ಚುಕಮ್ಮಿ ಆದರೂ ನಿನ್ನನ್ನು ಹೊತ್ತು ಇದರಲ್ಲಿ ಹಾಕಿ ದವಾಖಾನೆಗೆ ಒಯ್ಯುತ್ತೇನೆ ಎಂದೆ. ಅದಕ್ಕೆ ಹುಲಿಗೆಮ್ಮ ಒಪ್ಪಿದಳು.

ಮಧ್ಯಾಹ್ನ ಟ್ರ್ಯಾಕ್ಟರಿನ ಸದ್ದನ್ನೂ ಮೀರಿಸಿ ಹೆಣ್ಣುಮಗು ಅತ್ತಿತು. ನಾನೂ ಅತ್ತುಬಿಟ್ಟೆ, ನಕ್ಕೆ, ಅವಳ ಅತ್ತೆಯ ಕೈ ಹಿಡಿದು ಕುಣಿದೂಬಿಟ್ಟೆ.

ಸುದ್ದಿ ಕೇಳಿ ದೊಡ್ಡ ದವಾಖಾನೆಯ ಡಾಕ್ಟರು ನನ್ನನ್ನು ಚೆನ್ನಾಗಿ ಬೈದರು. ಬೈದದ್ದು ಸರಿಯೇ. ಕೊನೆಗೆ, "ಇಂಥವರನ್ನ ದವಾಖಾನಿಗೆ ಕರ್ಕೊಂಡು ಬರಾಕ ನಿನಗ ಏನು ಬೇಕವ್ವ? ಜೀಪು ಬೇಕಾ?" ಎಂದು ಕೇಳಿದರು.

"ಜೀಪು ಬ್ಯಾಡ್ರಿ ಸರ್, ದವಾಖಾನಿಗೆ ಒಂದು ಹಂಡೆ ಕೊಡಿಸ್ರಿ."

ತಮಾಷೆ ಮಾಡುತ್ತಿದ್ದೇನೆಂದು ತಿಳಿದು ಅವರು ಮತ್ತೆ ಮೊದಲಿನಿಂದ ಬೈಯತೊಡಗಿದರು.