ಅರ್ಜಿಯೊಳಗೆ ಸೇರಿದ ಮುಯ್ಯಿ

ಮೊನ್ನೆ ಸೀರೆಗೆ ಫಾಲ್ ಹಾಕಿಸಲು ಕೋಲಾರದ ಒಂದು ದರ್ಜಿ ಅಂಗಡಿಗೆ ಹೋಗಿದ್ದೆ. ದರ್ಜಿ ಆಗತಾನೆ ಮಿಷನ್ನಿಗೆ ಎಣ್ಣೆ ಬಿಟ್ಟಿದ್ದ. ಆ ವಾಸನೆ ಮೂಗಿಗೆ ತಾಕಿದ್ದೇ ತಡ, ಮಾಲೂರಿನ ನಮ್ಮ ಹಳೇ ವಠಾರದ ಜಗಲಿ ಕಣ್ಣ ಮುಂದೆ ಬಂತು. ಅಲ್ಲಿ ನಮ್ಮತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾರೆ. ಎದುರಿಗೆ ಪಕ್ಕದ ಮನೆ ಅಕ್ಕ. ಅಕ್ಕನ ಬೆನ್ನಿಗೆ ಒರಗಿಕೊಂಡು ಅವಳ ಮಗಳು. ನನ್ನ ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಬಿಳಿ ಹಾಳೆ. ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುತ್ತಿದ್ದೆವು... ಆ ಅರ್ಜಿಯನ್ನು ನೆನೆಸಿಕೊಂಡರೆ ಇವತ್ತಿಗೂ ತಲೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಎಪ್ಪತ್ತರ ದಶಕದ ಮಾತು. ಬಡವರು ಖಾಸಗಿಯವರ ಹತ್ತಿರ ಮಾಡಿದ ಸಾಲ ಮನ್ನಾ, ಅಡವಿಟ್ಟ ಸಾಮಾನು ವಾಪಸ್ಸು ಎಂದು ಸರ್ಕಾರ ಕಾಯಿದೆ ತಂದಿತ್ತು. ರೇಡಿಯೋದಲ್ಲಿ ಕೇಳಿದವರೆಲ್ಲ ಅಡವಿಟ್ಟ ಸಾಮಾನು ತಾನೇ ನಡೆದು ಮನೆಗೆ ಬರುತ್ತದೆ ಅಂದುಕೊಂಡರು. ನಾನೂ ಅಂದುಕೊಂಡೆ. ಮದುವೆಯಾಗಿ ಆ ವಠಾರಕ್ಕೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಎಂಬ ಜಂಬ ಬೇರೆ.

ಅಕ್ಕನ ಗಂಡ ಆರು ವರ್ಷದ ಹಿಂದೆ ಮನೆ ಬಿಟ್ಟು ಹೋದವನು. ಟೇಕಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದನ್ನು ನೋಡಿದವರಿದ್ದರು, ಇಳಿದದ್ದನ್ನು ನೋಡಿದವರಿರಲಿಲ್ಲ. ಹೋಗುವ ಮುಂಚೆ ಅಕ್ಕನ ಹೊಲಿಗೆ ಮಿಷನ್ನನ್ನು ಪೇಟೆ ಬೀದಿಯ ಸಾಹುಕಾರರ ಹತ್ತಿರ ಇನ್ನೂರು ರೂಪಾಯಿಗೆ ಅಡವಿಟ್ಟಿದ್ದ. ರವಿಕೆ ಹೊಲಿದು ಬದುಕುತ್ತಿದ್ದ ಅಕ್ಕ ಅಂದಿನಿಂದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರಲು ಹೋದಳು. ಪ್ರತಿ ಸಂತೆ ದಿನ ಬಡ್ಡಿ ಕಟ್ಟುತ್ತಿದ್ದಳು, ಅಸಲು ಅಲುಗಾಡುತ್ತಿರಲಿಲ್ಲ. ಸಾಹುಕಾರರ ಪಡಸಾಲೆಯಲ್ಲಿ ಅದೇ ಮಿಷನ್ನಿನ ಮುಂದೆ ಅವರ ಸೊಸೆ ಕೂತು ಲಂಗ ಹೊಲಿಯುತ್ತಿದ್ದಳು. ಬಡ್ಡಿ ಕೊಡಲು ಹೋದಾಗ ಅಕ್ಕ ಅತ್ತ ತಿರುಗಿಯೂ ನೋಡುತ್ತಿರಲಿಲ್ಲವಂತೆ. "ನೋಡೋದ್ಯಾಕೆ? ಸದ್ದಲ್ಲೇ ಗೊತ್ತಾಗುತ್ತೆ ಕಣೇ, ಎಣ್ಣೆ ಬಿಟ್ಟು ಎಷ್ಟು ದಿನ ಆಯ್ತು ಅಂತ" ಎನ್ನುತ್ತಿದ್ದಳು.

ಇಷ್ಟರ ಮಧ್ಯೆಯೂ ಪೋಸ್ಟಾಫೀಸಿನಲ್ಲಿ ಮುನ್ನೂರ ನಲವತ್ತು ರೂಪಾಯಿ ಕೂಡಿಟ್ಟಿದ್ದಳು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಕೋಲಾರದಲ್ಲಿ ಟೀಚರ್ ಟ್ರೈನಿಂಗ್ ಸೇರಬೇಕು, ಆ ದುಡ್ಡು ಅದಕ್ಕೆ. ಅದನ್ನು ಮುಟ್ಟದೆ ಮಿಷನ್ನು ಬಿಡಿಸಿಕೊಳ್ಳಬೇಕು. ಅಕ್ಕನಿಗೆ ಬೇಕಿದ್ದದ್ದು ಇಷ್ಟೇ.

ಕಚೇರಿಯ ಗುಮಾಸ್ತರು ಮೊದಲೇ ಹೆದರಿಸಿ ಕಳಿಸಿದ್ದರು. ಯಾರ್ಯಾರಿಗೆ ಏನೇನು ಕೊಡಬೇಕೋ ಒಂದೂ ಬಿಡದೆ ಬರೆಯಬೇಕು, ಮುಚ್ಚಿಟ್ಟರೆ ಅರ್ಜಿ ವಜಾ ಎಂದು. ಹಾಗಾಗಿ ಕೇಳಿದೆ.

"ಅಕ್ಕ, ಸಾಹುಕಾರ್ರನ್ನ ಬಿಟ್ಟು ಇನ್ಯಾರಿಗಾದ್ರೂ ಕೊಡೋದಿದೆಯಾ?"

ಅಕ್ಕ ಎದ್ದು ಒಳಗೆ ಹೋಗಿ ಅರಿಶಿನ ಮೆತ್ತಿದ ಒಂದು ನೋಟುಬುಕ್ಕು ತಂದಳು. ಮಗಳು ಮೈನೆರೆದಾಗ ಮಾಡಿದ ಒಸಗೆಯಲ್ಲಿ ಬೀದಿಯವರು ಇಟ್ಟ ಮುಯ್ಯಿಯ ಪುಸ್ತಕ. ಇವತ್ತು ನಮ್ಮ ಮನೆ ಶುಭಕಾರ್ಯಕ್ಕೆ ನೀವು ಎರಡು ರೂಪಾಯಿ ಇಟ್ಟರೆ, ನಾಳೆ ನಿಮ್ಮ ಮನೆಯದಕ್ಕೆ ನಾವು ಮೂರು ಇಡಬೇಕು, ಮರೆಯಬಾರದೆಂದು ಬರೆದಿಟ್ಟುಕೊಳ್ಳುವುದು.

"ಇದೂ ಕೊಡಬೇಕಾದ್ದೇ ಅಲ್ವೇನೇ?" ಎಂದಳು ಅಕ್ಕ.

"ಕೊಡಬೇಕಾದ್ದೇ" ಎಂದರು ನಮ್ಮತ್ತೆ, ಕಾಯಿಯಿಂದ ಕಣ್ಣೆತ್ತದೆ. "ಬರ್ಕೊಳಮ್ಮಿ. ಸರ್ಕಾರದ ಮುಂದೆ ಸುಳ್ಳು ಯಾಕೆ?"

ಬುದ್ಧಿವಂತ ಸೊಸೆ ಬರೆದಳು! ಹದಿಮೂರು ಮನೆ. ಎರಡು ರೂಪಾಯಿ, ಮೂರು ರೂಪಾಯಿ, ಒಂದು ಸ್ಟೀಲ್ ಲೋಟ, ಒಂದು ರವಿಕೆ ಕಣ. ಕೊನೆಯ ಸಾಲಿನಲ್ಲಿ ನಮ್ಮತ್ತೆಯ ಐದು ರೂಪಾಯಿ. ಕೆಳಗೆ ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದಳು.

ಆಮೇಲೆ ಶುರುವಾಯಿತು ಅಲೆದಾಟ. ಅರ್ಜಿಯಲ್ಲಿ ಗಂಡನ ರುಜು ಇಲ್ಲ ಎಂದರು ಗುಮಾಸ್ತರು.

"ರುಜು ಹಾಕೋಕೆ ಅವನಿದ್ದಿದ್ರೆ ನಾನ್ಯಾಕೆ ಸ್ವಾಮಿ ಇಲ್ಲಿಗೆ ಬರ್ತಿದ್ದೆ?"

"ಹಾಗಾದ್ರೆ ಸತ್ತಿರೋ ಸರ್ಟಿಫಿಕೇಟು ತಗೊಂಡ್ ಬಾ."

"ಸತ್ತಿದ್ರೆ ತರ್ತಿದ್ದೆ."

"ಸತ್ತಿಲ್ಲ ಅಂದ್ರೆ ರುಜು ಬೇಕಮ್ಮ."

ಸತ್ತಿಲ್ಲದ, ಇದ್ದೂ ಇಲ್ಲದ ಗಂಡನಿಗೆ ಅವರ ಹತ್ತಿರ ಕಾಲಮ್ಮೇ ಇರಲಿಲ್ಲ. ಕೊನೆಗೆ ಕೋಲಾರಕ್ಕೆ ಹೋಗಿ ವಕೀಲರ ಹತ್ತಿರ ಅಫಿಡವಿಟ್ಟು ಮಾಡಿಸಿಕೊಂಡು ಬಾ ಎಂದರು. ಹೋದ ದಿನ ವಕೀಲರಿರಲಿಲ್ಲ. ವಕೀಲರಿದ್ದ ದಿನ ಛಾಪಾ ಕಾಗದ ಮುಗಿದಿತ್ತು. ತಂದುಕೊಟ್ಟ ದಿನ ಗುಮಾಸ್ತರು ರಜ. ವರಮಾನದ ಸರ್ಟಿಫಿಕೇಟು ಕೊಡಬೇಕಾದವರು ಇವತ್ತು ವೇಮಗಲ್ ಕಡೆ, ನಾಳೆ ಇನ್ನೆಲ್ಲೋ. ಒಂದೊಂದು ಅಲೆದಾಟಕ್ಕೂ ಅಕ್ಕನಿಗೆ ಒಂದು ದಿನದ ಕೂಲಿ ಖೋತಾ. ಬಸ್ಸಿನ ದುಡ್ಡು, ಛಾಪಾ ಕಾಗದ, ಜವಾನನ ಕಾಫಿ... ಅಷ್ಟೂ ಪೋಸ್ಟಾಫೀಸಿನ ಪುಸ್ತಕದಿಂದಲೇ ಹೋಗುತ್ತಿತ್ತು. ಸಾಲದ್ದಕ್ಕೆ ಗುಮಾಸ್ತರ ಕಣ್ಣು ಆ ಪುಸ್ತಕದ ಮೇಲೂ ಬಿತ್ತು. ಅದನ್ನೂ ನಾವೇ ಅರ್ಜಿಯಲ್ಲಿ ಬರೆದಿದ್ದೆವಲ್ಲ!

"ಉಳಿತಾಯ ಇದೆಯಲ್ಲಮ್ಮ. ಅದನ್ನೇ ಕೊಟ್ಟು ಬಿಡಿಸ್ಕೊ. ಮನ್ನಾ ಗಿನ್ನಾ ಎಲ್ಲ ಏನೂ ಇಲ್ಲದೋರಿಗೆ."

"ಹೊಟ್ಟೆ ಕಟ್ಟಿ ಇಟ್ಟಿದ್ದು ನನ್ನ ತಪ್ಪಾ ಸ್ವಾಮಿ? ತಿಂದು ತೇಗಿದ್ದಿದ್ರೆ ಬಡವಿ ಅಂತ ಬರ್ಕೊಳ್ತಿದ್ರಾ?"

ಇನ್ನೊಂದು ಪೀಡೆ ನನ್ನ ತಲೆಗೆ ಬಂತು. ಸಾಲ ಕೊಟ್ಟವರೆಷ್ಟು ಜನವೋ ಅಷ್ಟು ಪ್ರತಿ ಬೇಕು ಎಂದರು. ಕಾರ್ಬನ್ ಕಾಗದ ಇಟ್ಟು ಇಟ್ಟು ಹದಿನಾಲ್ಕು ಪ್ರತಿ ಬರೆದೆ. ಬೆರಳೆಲ್ಲ ನೀಲಿ. ಇಷ್ಟು ಪ್ರತಿ ಯಾತಕ್ಕೆ ಎಂದು ಆಗಲಾದರೂ ಯೋಚಿಸಬೇಕಿತ್ತು... ಯೋಚಿಸಲಿಲ್ಲ.

ಯಾತಕ್ಕೆ ಎಂದು ಎರಡು ತಿಂಗಳ ಮೇಲೆ ಗೊತ್ತಾಯಿತು. ಕಚೇರಿಯ ಜವಾನ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹದಿಮೂರು ಮನೆಗೂ ನೋಟೀಸು ಹಂಚಿಕೊಂಡು ಹೋದ. ಈಕೆಗೆ ನೀವು ಕೊಟ್ಟ ಸಾಲ ಏಕೆ ರದ್ದು ಮಾಡಬಾರದು, ಇಂಥ ದಿನ ಬಂದು ಹೇಳಿ ಎಂದು ನೋಟೀಸು. ನಮ್ಮ ಮನೆಗೂ ಒಂದು ಬಂತು. ನಾನೇ ಓದಿ ಹೇಳಿದೆ. ಅತ್ತೆ ಆಂಧ್ರದ ಗಡಿಯ ಬೈರಕೂರು ಕಡೆಯವರು, ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತಿತ್ತು. ಅವತ್ತು ಬಂದ ತೆಲುಗನ್ನು ಬರೆಯುವ ಹಾಗಿಲ್ಲ.

ಸಂಜೆಯ ಹೊತ್ತಿಗೆ ಇಡೀ ಬೀದಿ ಅಕ್ಕನ ಬಾಗಿಲಲ್ಲಿತ್ತು.

"ನಿನ್ನ ಮಗಳಿಗೆ ಆರತಿ ಎತ್ತಿ ಲೋಟ ಇಟ್ಟಿದ್ದಕ್ಕೆ ನನ್ನ ಕಚೇರಿ ಮೆಟ್ಟಿಲು ಹತ್ತಿಸ್ತೀಯೇನೇ?"

"ಮುಯ್ಯಿ ಮನ್ನಾ ಮಾಡಿಸ್ತಾಳಂತೆ! ಹಿಂಗಾದ್ರೆ ನಾಳೆ ಅರಿಶಿನ ಕುಂಕುಮಾನೂ ಮನ್ನಾ ಮಾಡಿಸ್ತಾಳೆ ಬಿಡು!"

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಒಂದೂ ಬಿಡಬೇಡ ಅಂದ್ರು ಕಣ್ರೇ" ಎಂದಷ್ಟೇ ಹೇಳಿದಳು. ಬರೆದವಳು ನಾನು ಎಂದು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ...

ವಿಚಾರಣೆಯ ದಿನ ಹೆಂಗಸರೆಲ್ಲ ದುಮುಗುಟ್ಟುತ್ತಲೇ ಬಂದರು. ಬರದಿದ್ದರೆ ಪೊಲೀಸರು ಬರುತ್ತಾರೆಂದು ಯಾರೋ ಹೇಳಿದ್ದರು. ತಹಶೀಲ್ದಾರರು ಆ ಗುಂಪು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇವರೆಲ್ಲ ಲೇವಾದೇವಿಯವರಾ?"

"ಅಲ್ಲ ಸ್ವಾಮಿ, ಮುಯ್ಯಿ" ಎಂದರು ನಮ್ಮತ್ತೆ. "ಸಾಲ ಅಂತ ಬರ್ಕೊಂಡು ನಮ್ಮ ಮರ್ಯಾದೆ ತೆಗೀಬೇಡಿ."

ತಹಶೀಲ್ದಾರರು ಗುಮಾಸ್ತರ ಮುಖ ನೋಡಿದರು, ಗುಮಾಸ್ತರು ಸೂರು ನೋಡಿದರು. ಒಂದೊಂದೇ ಹೆಸರು ಕೂಗಿ, ಹೊಡೆದುಹಾಕಿ, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಕೊನೆಗೆ ಉಳಿದವರು ಸಾಹುಕಾರರೊಬ್ಬರೇ. ಅವರು ಅಷ್ಟು ಹೊತ್ತೂ ಕೂತು ಇದನ್ನೆಲ್ಲ ನೋಡಿ ಒಂದು ಉಪಾಯ ಕಂಡುಕೊಂಡಿದ್ದರು.

"ನಂದೂ ಸಾಲ ಅಲ್ಲ ಸ್ವಾಮಿ. ಇವಳ ಗಂಡ ಮಿಷನ್ನು ನನಗೆ ಮಾರಿ ಹೋದ. ಕ್ರಯ ಆದ ಸಾಮಾನು ವಾಪಸ್ ಕೊಡೋದು ಹೆಂಗೆ?"

ಅಕ್ಕನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಆರು ವರ್ಷ ಕಟ್ಟಿದ ಬಡ್ಡಿಗೆ ಸಾಹುಕಾರರು ರಸೀದಿ ಕೊಟ್ಟವರಲ್ಲ. ಆಗ ಹಿಂದಿನಿಂದ ನಮ್ಮತ್ತೆಯ ದನಿ.

"ಏಮಯ್ಯಾ ಸಾವ್ಕಾರಪ್ಪಾ, ಕೊಂಡ್ಕೊಂಡ ಮೇಲೆ ಸಂತೆ ಸಂತೆಗೂ ಬಡ್ಡಿ ಯಾತಕ್ಕೆ ಇಸ್ಕೊಂಡೆ?"

"ಅದು... ಅದು ಬೇರೆ ಲೆಕ್ಕ."

"ಯಾವ ಲೆಕ್ಕ?" ಎಂದರು ತಹಶೀಲ್ದಾರರು.

ಹದಿಮೂರು ಹೆಂಗಸರು ಒಟ್ಟಿಗೆ ಶುರು ಮಾಡಿದರು. ಸಂತೆಗೆ ಹೋಗುವಾಗ ಅಕ್ಕನ ಜೊತೆ ಸಾಹುಕಾರರ ಮನೆ ಮೆಟ್ಟಿಲಲ್ಲಿ ಕಾದು ನಿಂತವರು ಒಬ್ಬರಲ್ಲ ಒಬ್ಬರು ಇದ್ದೇ ಇದ್ದರು. ಲೋಟ ಇಟ್ಟಾಕೆ ಮುಂದೆ ಬಂದಳು. "ನಮಗೆ ನೋಟೀಸು ಕಳಿಸಿದ ಮೂದೇವಿ ಇವಳು, ಅದು ನಿಜ. ಆದ್ರೆ ಸುಳ್ಳು ಹೇಳೋಳಲ್ಲ. ಬಡ್ಡಿ ಕೊಟ್ಟಿದ್ದು ಈ ಕಣ್ಣಲ್ಲಿ ನೋಡಿದೀನಿ."

ಸಾಹುಕಾರರು ಕೊನೆಯ ಪಟ್ಟು ಹಾಕಿದರು. "ಪೋಸ್ಟಾಫೀಸಲ್ಲಿ ದುಡ್ಡಿಟ್ಕೊಂಡು ಬಡವಿ ಅಂತಾಳೆ ಸ್ವಾಮಿ."

ಅಕ್ಕ ಸೆರಗಿನೊಳಗಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. "ಇತ್ತು ಸ್ವಾಮಿ. ನಿಮ್ಮ ಕಚೇರಿಗೆ ಅಲೆದೂ ಅಲೆದೂ ಮುಗೀತು. ನೋಡಿ, ಅರವತ್ತೆರಡು ಉಳಿದಿದೆ." ಅವಳ ದನಿ ಏರಲಿಲ್ಲ. ತಹಶೀಲ್ದಾರರು ಪುಸ್ತಕ ತೆರೆದು ನೋಡಿ, ಮುಚ್ಚಿ, ಎರಡೂ ಕೈಯಲ್ಲಿ ವಾಪಸ್ಸು ಕೊಟ್ಟರು.

ಆರ್ಡರು ಕೈಗೆ ಬರಲು ಮತ್ತೆ ಮೂರು ತಿಂಗಳು. ಗಾಡಿಯಲ್ಲಿ ಬಂದ ಮಿಷನ್ನಿಗೆ ಬೆಲ್ಟು ಹರಿದಿತ್ತು, ಸೂಜಿ ಇರಲಿಲ್ಲ. ಆ ಹೊತ್ತಿಗೆ ಮಗಳು ಪಾಸಾಗಿ, ಟ್ರೈನಿಂಗಿಗೆ ಫೀಸು ಕಟ್ಟುವ ದಿನ ಕಳೆದುಹೋಗಿತ್ತು. ಸಾಲ ಮನ್ನಾ ಆಯಿತು ಎಂದು ಬೀದಿಯವರು ಸಂತೋಷಪಟ್ಟರು. ಇನ್ನೂರು ರೂಪಾಯಿ ಸಾಲ ಮನ್ನಾ ಮಾಡಿಸಲು ಇನ್ನೂರ ಎಪ್ಪತ್ತೆಂಟು ಖರ್ಚಾದದ್ದನ್ನು ಅಕ್ಕ ನನಗೊಬ್ಬಳಿಗೇ ಹೇಳಿ, ನಕ್ಕು, ಹೊಸ ಸೂಜಿಗೆ ದಾರ ಪೋಣಿಸಲು ಕೂತಳು. ಎಂಟು ದಿನಕ್ಕೆ ಸಾಹುಕಾರರ ಸೊಸೆಯೇ ರವಿಕೆ ಬಟ್ಟೆ ಹಿಡಿದುಕೊಂಡು ಬಂದಳು, ಮನೆಯಲ್ಲಿ ಮಿಷನ್ನಿಲ್ಲವಲ್ಲ! ಅಕ್ಕ ಅಳತೆ ತೆಗೆದುಕೊಂಡಳು. ಕೂಲಿಯಲ್ಲಿ ನಾಲ್ಕಾಣೆಯನ್ನೂ ಬಿಡಲಿಲ್ಲ.

ಮರುವರ್ಷ ಮಗಳು ಟ್ರೈನಿಂಗ್ ಸೇರಿದಳು. ಮುಂದೆ ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿಗೆ ಟೀಚರಾಗಿ ಹೋದಾಗ ಅಕ್ಕನೂ ಜೊತೆಗೆ ಹೋದಳು. ಬರುತ್ತೇನೆ ಬರುತ್ತೇನೆ ಎನ್ನುತ್ತಲೇ ನಾನು ಒಂದು ಸಲವೂ ಅತ್ತ ಹೋಗಲಿಲ್ಲ. ಈಗ ವಠಾರವಿಲ್ಲ, ಅತ್ತೆಯೂ ಇಲ್ಲ. ಆ ಅರ್ಜಿ ನಾನು ಬರೆದದ್ದೆಂದು ಬೀದಿಯವರ ಮುಂದೆ ಒಪ್ಪಿಕೊಳ್ಳೋಣವೆಂದರೆ ಕೇಳಲು ಯಾರೂ ಉಳಿದಿಲ್ಲ.

ಅಕ್ಕ ತೀರಿಹೋದ ಸುದ್ದಿ ಕಾರ್ಡಿನಲ್ಲಿ ಬಂತು, ಎಂಬತ್ತರ ದಶಕದ ಕೊನೆಯಲ್ಲಿ. ನಮ್ಮ ಕೈ ಸೇರುವಷ್ಟರಲ್ಲಿ ಹನ್ನೊಂದನೆಯ ದಿನ ಕಳೆದಿತ್ತು. ಓದಿ ಹೇಳಿದೆ. ಸಂಬಂಧಿಕರಲ್ಲದವರಿಗೆ ನಮ್ಮಲ್ಲಿ ಸೂತಕವಿಲ್ಲ. ಆದರೂ ಅತ್ತೆ ಎದ್ದು ಬಚ್ಚಲಿಗೆ ಹೋಗಿ, ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡು ಬಂದರು. "ನೀನೂ ಮಾಡ್ಕೊಂಡ್ ಬಾರಮ್ಮಿ" ಎಂದರು. ನಾನೂ ಹೋಗಿ ಸ್ನಾನ ಮಾಡಿದೆ.